ರಾಚಪ್ಪ ಮಾಸ್ತರರು ತಮ್ಮನ್ನು ತಾವೇ ಸಂಶೋಧಿಸಿದ್ದು

ಬನಹಟ್ಟಿಯ ರಾಚಪ್ಪ ಮಾಸ್ತರರು ಯಾರ ತಂಟೆಗೂ ಹೋಗುವವರಲ್ಲ. ಅವರು ಮಾಡಿದ ತಪ್ಪು ಒಂದೇ. ಜಮಖಂಡಿಯಲ್ಲಿ ಗಣಿತ ಶಿಕ್ಷಕರಿಗಾಗಿ ಏರ್ಪಡಿಸಿದ್ದ ಕಾರ್ಯಾಗಾರದಲ್ಲಿ, ಉಳಿದವರೆಲ್ಲ ತಲೆ ತಗ್ಗಿಸಿ ಕೂತಿದ್ದ ಹೊತ್ತಿನಲ್ಲಿ, ಇವರು ಕೈ ಎತ್ತಿಬಿಟ್ಟರು.

ಕಾರ್ಯಾಗಾರ ನಡೆಸಲು ಬಂದಿದ್ದ ಪೂರ್ವಾ ಮೇಡಂ ಮುಧೋಳದವರು. ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಮೆತ್ತಗೆ ಮಾತಾಡುವವರ ಎದುರು ಹುಷಾರಾಗಿರಬೇಕೆಂಬುದು ಸರಕಾರಿ ನೌಕರಿಯಲ್ಲಿ ಕೂದಲು ಹಣ್ಣಾಗಿಸಿಕೊಂಡ ರಾಚಪ್ಪನವರಿಗೆ ಗೊತ್ತಿರಬೇಕಾಗಿತ್ತು.

“ಸುಮ್ನ ಕೇಳ್ತೀನ್ರಿ,” ಎಂದರು ಮೇಡಂ. “ಯಾರ ವರ್ಗದೊಳಗ ಎಲ್ಲಾ ಮಕ್ಕಳಿಗೂ ಭಿನ್ನರಾಶಿ ಪೂರಾ ತಿಳದದ? ಕೈ ಎತ್ರಿ.”

ಸಭಾಂಗಣದಲ್ಲಿದ್ದ ಮಾಸ್ತರರೂ ಶಿಕ್ಷಕಿಯರೂ ಒಟ್ಟಿಗೇ ಪೆನ್ನಿನ ಟೊಪ್ಪಿಗೆ ಹುಡುಕತೊಡಗಿದರು. ರಾಚಪ್ಪನವರ ಕೈ ಮಾತ್ರ ಫ್ಯಾನಿಗೆ ತಾಗುವಷ್ಟು ಮೇಲೆ ಹೋಯಿತು. ಸುಳ್ಳು ಹೇಳುವ ಉದ್ದೇಶ ಅವರದಾಗಿರಲಿಲ್ಲ. ದಿನಾ ಪಾಠ ಮುಗಿಸಿ ಅವರು “ತಿಳೀತೇನ್ರೋ?” ಎಂದು ಕೇಳುತ್ತಿದ್ದರು. ಮಕ್ಕಳು ಹಂಚು ಹಾರುವಂತೆ “ತಿಳೀತ್ರೀ ಸರ್!” ಎಂದು ಒದರುತ್ತಿದ್ದರು. ಇದಕ್ಕಿಂತ ದೊಡ್ಡ ಸಾಕ್ಷಿ ಮನುಷ್ಯನಿಗೆ ಯಾಕೆ ಬೇಕು?

“ಅಯ್ಯ, ಭಾಳ ಛಲೋ ಆತು!” ಎಂದರು ಮೇಡಂ. “ಹಂಗಾದ್ರ ಈ ಸಲದ ಕ್ರಿಯಾ ಸಂಶೋಧನೆ ನೀವ ಮಾಡ್ರಿ. ನಿಮ್ಮ ವರ್ಗವನ್ನ ನೀವ ಪರೀಕ್ಷಾ ಮಾಡೂದು. ನೀವು ಹೆಂಗ ಕಲಸ್ತೀರಿ, ಮಕ್ಕಳಿಗೆ ಹೆಂಗ ತಿಳೀತದ, ಪುರಾವೆ ಸಮೇತ ಮುಂದಿನ ಸಭಾದಾಗ ಎಲ್ಲಾರ ಮುಂದ ಹೇಳ್ರಿ. ನಾವೆಲ್ಲಾ ನಿಮ್ಮಿಂದ ಕಲಿಯೋಣು.”

ಚಪ್ಪಾಳೆ ಬಿತ್ತು. ತಮಗೆ ಬರಬಹುದಾಗಿದ್ದ ಗಂಡಾಂತರ ಇನ್ನೊಬ್ಬರ ಪಾಲಾದಾಗ ಜನ ಹೊಡೆಯುವಂಥ ಚಪ್ಪಾಳೆ ಅದು. ರಾಚಪ್ಪನವರು ಅದನ್ನು ಮೆಚ್ಚುಗೆ ಎಂದು ತಿಳಿದರು. ಊರಿಗೆ ಮರಳುವಾಗ ದಾರಿಯಲ್ಲಿ ಕನ್ನಡಕಕ್ಕೆ ಕುತ್ತಿಗೆಯಲ್ಲಿ ನೇತಾಡುವ ಕರಿ ದಾರವೊಂದನ್ನು ಕೊಂಡರು. ಸಂಶೋಧಕನೆಂದ ಮೇಲೆ ಅಷ್ಟಾದರೂ ಇರಬೇಕಲ್ಲ.

ಮನೆಯಲ್ಲಿ ಹೆಂಡತಿ ಗಂಗಾಂಬಿಕಾ ರೊಟ್ಟಿ ಬಡಿಯುತ್ತಿದ್ದಳು.

“ಇನ್ನ ಮ್ಯಾಲೆ ನಾ ಬರೇ ಮಾಸ್ತರಲ್ಲ,” ಎಂದರು ಬಾಗಿಲಲ್ಲಿ ನಿಂತೇ. “ಸಂಶೋಧಕ.”

“ಪಗಾರ ಹೆಚ್ಚಾಗ್ತೈತೇನ್ರಿ?”

“ಇಲ್ಲ.”

“ಹಂಗಾದ್ರ ಮಾಸ್ತರಾಗೇ ಇರ್ರಿ. ಆ ಜ್ವಾಳ ಬೀಸಿಕೊಂಡು ಬರ್ರಿ, ಗಿರಣಿ ಮುಚ್ಚತಾನ.”

ಮಹಾ ಕೆಲಸಗಳಿಗೆ ಮನೆಯವರ ಪ್ರೋತ್ಸಾಹ ಇಷ್ಟೇ ಇರುತ್ತದೆ. ರಾಚಪ್ಪನವರು ಬೇಸರ ಮಾಡಿಕೊಳ್ಳದೆ ಜೋಳ ಹೊತ್ತುಕೊಂಡು ಹೋದರು.

ಸಂಶೋಧನೆ ಹೇಗೆ ಶುರು ಮಾಡಬೇಕೆಂದು ಮೇಡಂ ಫೋನಿನಲ್ಲಿ ಹೇಳಿಕೊಟ್ಟರು. ಹೊಸದಾಗಿ ಏನನ್ನೂ ಕಲಿಸಬೇಡಿ, ಒಂದೇ ಒಂದು ಪ್ರಶ್ನೆ ಕೇಳಿ, ಉತ್ತರವನ್ನೂ ಕಾರಣವನ್ನೂ ಮಕ್ಕಳು ತಾವೇ ಬರೆಯಲಿ, ಯಾರೂ ಒದರುವುದು ಬೇಡ. ರಾಚಪ್ಪನವರು ಆರನೆಯ ತರಗತಿಗೆ ಹೋಗಿ ಕರಿಹಲಗೆಯ ಮೇಲೆ ಬರೆದರು: ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ? ಯಾಕೆ? ಹಿಂದಿನ ದಿನವಷ್ಟೇ ಇದೇ ಪಾಠ ಮುಗಿದಿತ್ತು. ಹಂಚು ಹಾರುವಂತೆ ತಿಳಿದೂ ಇತ್ತು.

ಉತ್ತರಗಳನ್ನು ಒಂದೊಂದಾಗಿ ತೆಗೆದು ನೋಡಿದರು. ನಾಲ್ಕನೇ ಒಂದು ದೊಡ್ಡದು, ಯಾಕಂದರೆ ಮೂರಕ್ಕಿಂತ ನಾಲ್ಕು ದೊಡ್ಡದು. ಮುಂದಿನದೂ ಅದೇ. ಅದರ ಮುಂದಿನದೂ ಅದೇ. ಒಬ್ಬ ಮಾತ್ರ ಎರಡೂ ಸಮ ಎಂದಿದ್ದ, ಯಾಕಂದರೆ ಎರಡರ ತಲೆಯ ಮೇಲೂ ಒಂದೇ ಇದೆ. ಕೊನೆಯ ಹಾಳೆಯಲ್ಲಿ ದುಂಡಗಿನ ಅಕ್ಷರಗಳಲ್ಲಿ ಹೀಗಿತ್ತು: “ಸರ್ ಯಾವುದು ಅಂತಾರೋ ಅದು ದೊಡ್ಡದು.”

ರಾಚಪ್ಪನವರು ಕನ್ನಡಕ ತೆಗೆದರು. ಅದು ದಾರದಲ್ಲಿ ನೇತಾಡಿತು.

“ಅಲ್ರೋ, ನಿನ್ನಿ ಹೇಳಿಕೊಟ್ಟೇನಲ್ಲ. ತಿಳೀತು ಅಂತ ಒದರಿದ್ರಿ?”

ಮುಂದಿನ ಸಾಲಿನ ಪೂರ್ಣಿಮಾ ಮೆಲ್ಲಗೆ ಎದ್ದು ನಿಂತಳು.

“ಸಿಟ್ಟ ಮಾಡಂಗಿಲ್ಲಂದ್ರ ಹೇಳ್ತೇನ್ರಿ.”

“ಹೇಳವಾ.”

“ತಿಳೀಲಿಲ್ಲ ಅಂದ್ರ ನೀವು ಮತ್ತ ಹೇಳ್ತೀರಿ, ಸರ್.”

“ಹೇಳೂದು ಛಲೋ ಅಲ್ಲೇನು?”

“ಮೊದಲ ಹೇಳಿದ್ದನ್ನ ಹಂಗ ಹೇಳ್ತೀರ್ರಿ. ಜೋರಾಗಿ ಅಷ್ಟ.” ಇಡೀ ತರಗತಿ ತಲೆಯಾಡಿಸಿತು. ಧೈರ್ಯ ಬಂದ ಹುಡುಗಿ ಮುಂದುವರಿದಳು. “ಮತ್ತ ನೀವು ಭಾಳ ಬೆವರ್ತೀರಿ. ಅಂಗಿ ಎಲ್ಲಾ ತೊಯ್ತೈತಿ. ನೋಡಿ ನಮಗ ಪಾಪ ಅನಸ್ತೈತ್ರಿ. ಅದಕ್ಕ ತಿಳೀತು ಅಂತೇವಿ.”

ಸಿಟ್ಟು ಮಾಡುವುದಿಲ್ಲವೆಂಬ ಮಾತನ್ನು ಉಳಿಸಿಕೊಳ್ಳಲು ಕಷ್ಟವಾಗಲಿಲ್ಲ. ಯಾಕೆಂದರೆ ರಾಚಪ್ಪನವರಿಗೆ ಸಿಟ್ಟು ಬರಲಿಲ್ಲ. ಕಿವಿಯ ತುದಿಯಿಂದ ಶುರುವಾದ ಬಿಸಿ ಕುತ್ತಿಗೆಗಿಳಿದು ಅಂಗಿಯೊಳಗೆಲ್ಲ ಹರಡಿತು. ಇಷ್ಟು ವರ್ಷ ತಾವು ಮಕ್ಕಳನ್ನು ಸಂಭಾಳಿಸುತ್ತಿದ್ದೇವೆ ಎಂದುಕೊಂಡಿದ್ದರು. ನೋಡಿದರೆ ಮಕ್ಕಳೇ ತಮ್ಮನ್ನು ಸಂಭಾಳಿಸುತ್ತಿದ್ದವು, ಅದೂ ಅಂಗಿ ತೊಯ್ಯದ ಹಾಗೆ.

ಆ ಸಂಜೆ ಅವರು ಚಹಾ ಮುಟ್ಟಲಿಲ್ಲ. ಅವರ ಓಣಿಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಬನಹಟ್ಟಿಯ ಎಷ್ಟೋ ಓಣಿಗಳಂತೆ ಅದೂ ಮಗ್ಗದ ಓಣಿ. ಗೋಡೆಯಾಚೆ ರೇವಪ್ಪನ ಪಾವರ್‌ಲೂಮುಗಳು ಹಗಲೆಲ್ಲ ಖಟಖಟ ಹೊಡೆದುಕೊಳ್ಳುತ್ತವೆ. ಆದ್ದರಿಂದ ಗಂಡ ಹೆಂಡತಿ ಗುಟ್ಟಿನ ಮಾತಾಡಬೇಕಾದರೂ ಗಂಟಲು ಹರಿಯುವಂತೆ ಕೂಗಿಯೇ ಆಡಬೇಕು. ಮಗ್ಗ ನಡೆದಿರುವತನಕ ಅದರಿಂದ ತೊಂದರೆಯೇನೂ ಇಲ್ಲ.

“ಏನಾಗೇತ್ರಿ? ಯಾಕ ಹಿಂಗ ಕುಂತೀರಿ?” ಎಂದು ಗಂಗಾಂಬಿಕಾ ಕೂಗಿದಳು.

“ಏನಿಲ್ಲ!”

“ಏನಿಲ್ಲದ ಚಾ ಬಿಡೂ ಪೈಕಿ ಅಲ್ಲ ನೀವು! ಹೇಳ್ರಿ!”

ರಾಚಪ್ಪನವರು ಎದೆ ತುಂಬ ಗಾಳಿ ಎಳೆದುಕೊಂಡು, ಇದ್ದ ಸಂಕಟವನ್ನೆಲ್ಲ ಒಟ್ಟುಗೂಡಿಸಿ ಕೂಗಿದರು. “ನಾ ಮಾಡಿದ ತಪ್ಪ, ಪುರಾವೆ ಸಮೇತ, ಜಮಖಂಡಿಗೆ ಹೋಗಿ ಎಲ್ಲಾರ ಮುಂದ ಒಪ್ಪಿಸಬೇಕಾಗೇತಿ!”

‘ನಾ ಮಾಡಿದ’ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಆ ನಿಶ್ಶಬ್ದದಲ್ಲಿ ಮಾಸ್ತರರ ಉಳಿದ ಮಾತು ಈ ತುದಿಯಿಂದ ಆ ತುದಿಯತನಕ ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ, ಕೇಳಿಸಿತು.

ಮರುದಿನ ಬೆಳಿಗ್ಗೆ ರೇವಪ್ಪ ಕಟ್ಟೆಯ ಮೇಲೆ ಬಂದು ಕೂತ. ಸತ್ತವರ ಮನೆಗೆ ಬಂದವರಂತೆ ಟವೆಲಿನಿಂದ ಮುಖ ಒರೆಸಿಕೊಂಡ.

“ಎನ್‌ಕ್ವಾಯರಿ ಹಚ್ಯಾರಂತ, ಸರ್ರ?”

“ಎನ್‌ಕ್ವಾಯರಿ? ಇಲ್ಲೋ ರೇವಪ್ಪಾ...”

“ನನ್ನ ಮುಂದ ಮುಚ್ಚಿಡಬ್ಯಾಡ್ರಿ. ಓಣ್ಯಾಗ ಎಲ್ಲಾರಿಗೂ ಗೊತ್ತಾಗೇತಿ. ಬಿಸಿಯೂಟದ ಅಕ್ಕಿ ಕದ್ದಾರ ಅಂತ ಕೆಲವರು ಅಂದ್ರು. ನಾ ಅಂದೆ, ಅಕ್ಕಿ ಇರಂಗಿಲ್ಲ, ಚೀಲ ಹೊರೂ ತಾಕತ್ತ ನಮ್ಮ ಸರ್‌ಗ ಇಲ್ಲ.” ದನಿ ತಗ್ಗಿಸಿದ. “ತತ್ತಿ ಏನ್ರಿ?”

ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಿದ್ದುದು ಎಲ್ಲರಿಗೂ ಗೊತ್ತಿದ್ದ ವಿಷಯ. ರಾಚಪ್ಪನವರು ‘ಇಲ್ಲ’ ಎನ್ನಲು ಬಾಯಿ ತೆರೆದರು. ಆದರೆ ಇಲ್ಲ ಎಂದರೆ ‘ಮತ್ತೇನು’ ಎಂಬ ಪ್ರಶ್ನೆ ಬರುತ್ತದೆ. ಮತ್ತೇನು ಎಂದರೆ ಹೇಳಬೇಕಾಗುತ್ತದೆ. ಈ ಓಣಿಯ ಅರ್ಧ ಜನ ಅವರ ಕೈಯಲ್ಲೇ ಗಣಿತ ಕಲಿತವರು. ರೇವಪ್ಪನ ತಮ್ಮ, ರೇವಪ್ಪನ ಮಗ, ರೇವಪ್ಪನ ಮಗ್ಗ ನಡೆಸುವವರು. ಅವರ ಮುಂದೆ ನಿಂತು ‘ನಿಮಗೆ ನಾನು ಏನೂ ಕಲಿಸಿಲ್ಲವಂತೆ’ ಎನ್ನುವುದು ಹೇಗೆ? ಮೊಟ್ಟೆ ಕದ್ದವನನ್ನು ಊರು ಇವತ್ತಲ್ಲ ನಾಳೆ ಕ್ಷಮಿಸುತ್ತದೆ. ಇದಕ್ಕೆ ಕ್ಷಮೆ ಎಲ್ಲಿಂದ ತರುವುದು?

ರಾಚಪ್ಪನವರು ಬಾಯಿ ಮುಚ್ಚಿ ನಿಟ್ಟುಸಿರು ಬಿಟ್ಟರು. ಓಣಿ ಆ ನಿಟ್ಟುಸಿರನ್ನು ತಪ್ಪೊಪ್ಪಿಗೆ ಎಂದು ದಾಖಲು ಮಾಡಿಕೊಂಡಿತು.

ನಳದ ಹತ್ತಿರ ಹೆಂಗಸರು ಗಂಗಾಂಬಿಕಾಳಿಗೆ ಪಾಳಿ ಬಿಟ್ಟುಕೊಟ್ಟರು. ಜಗಳವಾಡಿ ಪಡೆಯಬೇಕಾದ ಪಾಳಿ ಸುಮ್ಮನೆ ಸಿಕ್ಕಾಗಲೇ ವಿಷಯ ಓಣಿಯೆಲ್ಲ ಹಬ್ಬಿದೆಯೆಂದು ಆಕೆಗೆ ಗೊತ್ತಾಯಿತು. “ಲಿಂಗಾ ಕಟಗೊಂಡ ಮನಿತಾನ, ತತ್ತಿ ಮುಟ್ಟಿದ್ರ ಮೈಲಿಗಿ ಅನ್ನೂ ಮಂದಿ,” ಎಂದು ಹಿಂದೆ ಯಾರೋ ಪಿಸುಗುಟ್ಟಿದರು. “ತತ್ತಿ ಮ್ಯಾಲೆ ಆಶಾ ಹೆಂಗ ಹುಟ್ಟಿತವ್ವಾ?” ಗಂಗಾಂಬಿಕಾ ಕೊಡ ಅರ್ಧಕ್ಕೇ ಎತ್ತಿಕೊಂಡು ಮನೆಗೆ ಬಂದಳು.

“ಖರೆ ಹೇಳ್ರಿ. ತತ್ತಿ ತಿಂದೀರಿ?”

“ಛೇ, ಇಲ್ಲ.”

“ಮಾರೀರಿ?”

“ಇಲ್ಲ.”

“ಮತ್ತ ಏನ್ ಮಾಡೀರಿ ಅದನ್ನರ ಹೇಳ್ರಿ!”

ರಾಚಪ್ಪನವರು ಗೋಡೆಯ ಕಡೆ ಮುಖ ಮಾಡಿ ಕೂತರು. ಗಂಗಾಂಬಿಕಾ ಕಣ್ಣೊರೆಸಿಕೊಂಡು ಬಾಡಗಂಡಿಯಲ್ಲಿದ್ದ ತನ್ನ ತಮ್ಮ ದುಂಡೇಶನಿಗೆ ಫೋನು ಹಚ್ಚಿದಳು.

ದುಂಡೇಶ ಕಬ್ಬಿನ ಹೊಲದವನು. ಏನೇ ತಾಪತ್ರಯವಾದರೂ ನಾಲ್ಕು ಮಂದಿಯನ್ನು ಜೀಪಿನಲ್ಲಿ ಹಾಕಿಕೊಂಡು ಹೋದರೆ ಅದು ಬಗೆಹರಿಯುತ್ತದೆ ಎಂಬುದು ಅವನ ನಂಬಿಕೆ. ಸಂಜೆಯೊಳಗೆ ಬಂದ. ಬರುವಾಗ ಬನಹಟ್ಟಿಯ ವಾರ್ಡಿನ ಮುಖಂಡ ಕಲ್ಮೇಶನನ್ನೂ ಕರೆತಂದ. ಕಲ್ಮೇಶ ರಾಚಪ್ಪನವರ ಹಳೆಯ ವಿದ್ಯಾರ್ಥಿ. ಬಿಳಿ ಅಂಗಿ, ಎರಡು ಫೋನು, ಕಂಡವರ ಹೆಗಲ ಮೇಲೆಲ್ಲ ಕೈ.

“ಗುರುಗಳ, ಕೈ ಒಂದ ಜೋಡಸ್ತೇನಿ,” ಎಂದ ಕಲ್ಮೇಶ. “ಅಲ್ಲಿ ಹೋಗಿ ಬಾಯಿ ಬಿಡಬ್ಯಾಡ್ರಿ. ಏನ್ ಕೇಳಿದ್ರೂ ‘ಎಲ್ಲಾ ಸರಿ ಐತಿ’ ಅನ್ರಿ. ಮುಂದಿಂದು ನಮಗ ಬಿಡ್ರಿ.”

“ಮಾಮಾ, ಹೆದರಬ್ಯಾಡ್ರಿ,” ಎಂದ ದುಂಡೇಶ. “ಎಷ್ಟ ಹೋಗ್ಯಾವ ಅಷ್ಟ ತತ್ತಿ ನಾ ಟ್ರೇ ಕಟ್ಟಿ ತಂದ ಇಳಸ್ತೇನಿ. ಬಾಯಿ ಮುಚ್ಚಿಕೊಂಡ ಹೋಗ್ತಾರ.”

‘ಎಲ್ಲಾ ಸರಿ ಐತಿ.’ ರಾಚಪ್ಪನವರಿಗೆ ಆ ಮಾತು ಹಿಡಿಸಿತು. ಮೊಟ್ಟೆಗೆ ಹೊಂದುವ ಬುದ್ಧಿವಾದ ಭಿನ್ನರಾಶಿಗೂ ಹೊಂದಬಾರದೆಂದೇನಿಲ್ಲ. ಸಭೆಯಲ್ಲಿ ನಿಂತು, ನನ್ನ ತರಗತಿಯಲ್ಲಿ ಎಲ್ಲರಿಗೂ ತಿಳಿದಿದೆ, ಪದ್ಧತಿ ಉತ್ತಮವಾಗಿದೆ, ನಮಸ್ಕಾರ, ಎಂದು ಕೂತುಬಿಟ್ಟರಾಯಿತು. ಯಾರು ಬಂದು ನೋಡುತ್ತಾರೆ? ಅಲ್ಲಿದ್ದವರು ಯಾರೂ ಪ್ರಶ್ನೆ ಕೇಳುವವರಲ್ಲ. ಕೇಳಿದರೆ ಮುಂದಿನ ಸಲ ತಮ್ಮನ್ನೂ ಕೇಳುತ್ತಾರೆಂಬ ಭಯ ಅವರಿಗೂ ಇದೆ.

ಸಭೆಯ ದಿನ ಅವರು ಯಾರಿಗೂ ಹೇಳದೆ ಬೆಳಿಗ್ಗೆಯೇ ಬಸ್ಸು ಹತ್ತಿ ಜಮಖಂಡಿಗೆ ಹೋದರು. ಸಭಾಂಗಣ ತುಂಬಿತ್ತು. ಮೇಜಿನ ತುದಿಯಲ್ಲಿ ಇಲಾಖೆಯ ಸಾಹೇಬರೊಬ್ಬರು ಕಣ್ಣು ಅರ್ಧ ಮುಚ್ಚಿಕೊಂಡು ಕೂತಿದ್ದರು. ಪೂರ್ವಾ ಮೇಡಂ ನಗುಮುಖದಿಂದ ಕರೆದರು. ರಾಚಪ್ಪನವರು ಎದ್ದು ಹೋಗಿ ಮೈಕಿನ ಮುಂದೆ ನಿಂತರು.

“ನನ್ನ ತರಗತಿಯಲ್ಲಿ,” ಎಂದು ಪುಸ್ತಕದ ಭಾಷೆಯಲ್ಲಿ ಆರಂಭಿಸಿದರು, “ಸಮಸ್ತ ವಿದ್ಯಾರ್ಥಿಗಳಿಗೂ ಭಿನ್ನರಾಶಿಯ ಪರಿಕಲ್ಪನೆಯು ಸಂಪೂರ್ಣವಾಗಿ...”

ಆಗ ಹಿಂದಿನ ಬಾಗಿಲು ತೆರೆಯಿತು. ದುಂಡೇಶ ಬಂದ. ಕಲ್ಮೇಶ ಬಂದ. ಮಾಸ್ತರರು ಬಸ್ಸು ಹತ್ತುವುದನ್ನು ಕಂಡಿದ್ದ ರೇವಪ್ಪನೂ ಕೆಲಸ ಬಿಟ್ಟು ಬಂದಿದ್ದ. ಎಲ್ಲರ ಹಿಂದೆ, ಸೆರಗು ಹೊದ್ದು, ಗಂಗಾಂಬಿಕಾ. ಆಕೆ ಎಂದೂ ಗಂಡನ ಕೆಲಸದ ಜಾಗಕ್ಕೆ ಬಂದವಳಲ್ಲ. ಗೋಡೆಗೆ ಒತ್ತಿ ನಿಂತು, ನೆಲ ನೋಡುತ್ತಿದ್ದಳು. ಕಳ್ಳನ ಹೆಂಡತಿ ನಿಲ್ಲುವ ಹಾಗೆ.

ರಾಚಪ್ಪನವರ ‘ಸಂಪೂರ್ಣವಾಗಿ’ ಅಲ್ಲಿಗೇ ನಿಂತಿತು.

“ಹೇಳ್ರಿ ಸರ್,” ಎಂದರು ಮೇಡಂ ಮೆತ್ತಗೆ. “ಎಲ್ಲಾರಿಗೂ ತಿಳದದ ಅಂತ ಹೆಂಗ ಗೊತ್ತಾತು?”

“ಗೊತ್ತಾಗಲಿಲ್ರಿ,” ಎಂದರು ರಾಚಪ್ಪನವರು. ಪುಸ್ತಕದ ಭಾಷೆ ಎಲ್ಲಿ ಹೋಯಿತೋ ಅವರಿಗೇ ತಿಳಿಯಲಿಲ್ಲ. “ಯಾರಿಗೂ ತಿಳದಿಲ್ಲ. ಇಷ್ಟ ದಿನ ನಾ ಕೂಗಿಕೋತ ನಿಂತೆ, ಅವು ಪಾಪ ಅಂತ ಹೂಂ ಅಂದವು. ತಪ್ಪ ನಂದು. ಮಕ್ಕಳದಲ್ಲ.”

“ಗುರುಗಳ!” ಹಿಂದಿನಿಂದ ಕಲ್ಮೇಶ ಗುಡುಗಿದ. “ಬಾಯಿ ಮುಚ್ರಿ! ಏನೂ ಒಪ್ಪಗೋಬ್ಯಾಡ್ರಿ!”

ಸಭೆಯೆಲ್ಲ ತಿರುಗಿ ನೋಡಿತು. ದುಂಡೇಶ ಎರಡೂ ಕೈ ಮುಗಿದು ಮುಂದೆ ಬಂದ. “ಸಾಹೇಬ್ರ, ದೊಡ್ಡ ಮನಸ ಮಾಡ್ರಿ. ತತ್ತಿ ಎಷ್ಟ ಹೋಗ್ಯಾವ ಹೇಳ್ರಿ. ಟ್ರೇ ಜೀಪಿನ್ಯಾಗ ಅದಾವ.”

“ಯಾವ ತತ್ತಿ?” ಎಂದರು ಮೇಡಂ.

‘ತತ್ತಿ’ ಎಂಬ ಶಬ್ದಕ್ಕೆ ಇಲಾಖೆಯ ಸಾಹೇಬರ ಕಣ್ಣು ಪೂರ್ತಿ ತೆರೆದವು. “ಹೌದು, ಯಾವ ತತ್ತಿ?” ಎಂದು ಅವರೂ ಕೇಳಿದರು. ಅವರ ದನಿ ಬೇರೆ ಇತ್ತು.

“ಇವರು ಕದ್ದಾರ ಅಂತೀರಲ್ಲ, ಆ ತತ್ತಿ!”

“ನಾವೆಲ್ಲಿ ಅಂದೇವ್ರಿ? ಇದು ಭಿನ್ನರಾಶಿ ಸಭಾ,” ಎಂದರು ಮೇಡಂ.

ರೇವಪ್ಪ ದುಂಡೇಶನ ಮುಖ ನೋಡಿದ. ದುಂಡೇಶ ಕಲ್ಮೇಶನ ಮುಖ ನೋಡಿದ. ಕಲ್ಮೇಶ ಮುಖಂಡ, ಎಲ್ಲಿ ನಿಂತಿದ್ದೇನೆಂದು ತಿಳಿಯದಾಗ ಭಾಷಣ ಮಾಡಬೇಕೆಂಬುದು ಅವನಿಗೆ ಗೊತ್ತಿತ್ತು.

“ಏನರ ಇರಲ್ರಿ!” ಎಂದ ದನಿ ಎತ್ತಿ. “ಇಂಥಾ ಗುರುಗಳು ಜಿಲ್ಲಾದಾಗ ಸಿಗಂಗಿಲ್ಲ. ನಾ ಇವರ ಕಡೆ ಕಲತಾಂವ. ಒಂದ ದಿನ ಬೈದಿಲ್ಲ, ಬಡದಿಲ್ಲ. ನನಗ ಭಿನ್ನರಾಶಿ ಒಂದೂ ಬರತಿದ್ದಿಲ್ಲ. ಈಗೂ ಬರಂಗಿಲ್ಲ! ಆದ್ರೂ ಪಾಸ್ ಮಾಡಿ ಕಳಿಸ್ಯಾರ. ಇವರ ಮ್ಯಾಲೆ ಆಪಾದನೆ ಮಾಡ್ತೀರಿ?”

ಯಾರೋ ಕಿಸಕ್ಕೆಂದರು. ಮೇಡಂ ಮಾತ್ರ ನಗಲಿಲ್ಲ. “ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ, ಸರ್?” ಎಂದು ಅವನನ್ನೇ ಕೇಳಿದರು.

“ಇದೇನ ಕೇಳೂ ಪ್ರಶ್ನೇನ್ರಿ? ನಾಲ್ಕ ದೊಡ್ಡದಲ್ರೀ,” ಎಂದ ಕಲ್ಮೇಶ ಅಭಿಮಾನದಿಂದ ಗುರುಗಳ ಕಡೆ ನೋಡಿ.

ಇಂಥ ಸಮರ್ಥನೆ ಮತ್ತೆ ಯಾವ ಗುರುವಿಗೂ ಸಿಗದಿರಲಿ. ಇಡೀ ಸಭಾಂಗಣ ನಕ್ಕಿತು. ನಕ್ಕವರಲ್ಲಿ ಮೊದಲಿಗರು ತಮ್ಮ ಹಳೆಯ ವಿದ್ಯಾರ್ಥಿಗಳು ಯಾರೂ ಅಲ್ಲಿಲ್ಲವೆಂದು ಖಾತ್ರಿ ಇದ್ದವರು. ರಾಚಪ್ಪನವರು ಮೈಕಿನ ಕಂಬ ಹಿಡಿದು ನಿಂತಿದ್ದರು. ತನ್ನ ಉತ್ತರ ತಪ್ಪೆಂದು ಕಲ್ಮೇಶನಿಗೆ ನಗುವಿನ ನಡುವೆ ಅರಿವಾಯಿತು. ಅವನ ಮುಖ ಆರನೆಯ ತರಗತಿಯ ಹುಡುಗನ ಮುಖದಂತೆ ಸಣ್ಣದಾಯಿತು. ಅದನ್ನು ನೋಡುವುದು ರಾಚಪ್ಪನವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

“ನಗಬ್ಯಾಡ್ರಿ,” ಎಂದರು ಮೈಕಿನಲ್ಲಿ. “ಅವನೇ ನನ್ನ ಪುರಾವೆ.”

ನಗು ನಿಂತಿತು. ಮೇಡಂ ಎದ್ದು ಏನೋ ಒಳ್ಳೆಯ ಮಾತು ಹೇಳಿದರು. ಹೀಗೆ ನೋಡಿಕೊಳ್ಳುವುದಕ್ಕೇ ಸಂಶೋಧನೆ ಎನ್ನುವುದು, ಇಲ್ಲಿಂದ ಮುಂದೆ ಕೆಲಸ ಶುರು, ಎಂದು. ರಾಚಪ್ಪನವರ ಕಿವಿಯ ಬಿಸಿಯಲ್ಲಿ ಅದು ಅರ್ಧ ಕೇಳಿಸಿತು. ಸಾಹೇಬರಿಗೆ ಮಾತ್ರ ಸಮಾಧಾನವಾಗಲಿಲ್ಲ. “ತತ್ತಿ ವಿಷಯ ಬಂದಬಿಟ್ಟೈತಿ. ಒಮ್ಮೆ ನೋಡಿಬಿಡೋಣು,” ಎಂದರು. ಅದರಂತೆ ಆಮೇಲೆ ಅವರು ಶಾಲೆಗೆ ಬಂದು ಅಡುಗೆಕೋಣೆಯಲ್ಲಿ ಮೊಟ್ಟೆ ಎಣಿಸಿದ್ದೂ, ಎಲ್ಲ ಸರಿಯಾಗಿದ್ದದ್ದೂ, ಎಣಿಸುವಾಗ ಒಂದು ಅವರ ಕೈಯಿಂದಲೇ ಬಿದ್ದು ಒಡೆದದ್ದೂ ಬೇರೆ ಕಥೆ.

ಹಿಂತಿರುಗುವಾಗ ಎಲ್ಲರೂ ದುಂಡೇಶನ ಜೀಪಿನಲ್ಲೇ ಬಂದರು. ಮೊಟ್ಟೆಯ ಟ್ರೇಗಳು ರೇವಪ್ಪನ ತೊಡೆಯ ಮೇಲಿದ್ದವು. ರಸ್ತೆಯ ಎರಡೂ ಬದಿ ಕಬ್ಬು ನಿಂತಿತ್ತು.

“ಇದನ್ನ ನನಗ ಮೊದಲ ಹೇಳಿದ್ರ ಏನಾಗ್ತಿತ್ರಿ?” ಎಂದಳು ಗಂಗಾಂಬಿಕಾ, ಹೊರಗೆ ನೋಡುತ್ತಲೇ.

“ನಾಚಿಕಿ ಆತು.”

“ತತ್ತಿ ಕಳ್ಳ ಅನಿಸಿಕೊಳ್ಳಾಕ ನಾಚಿಕಿ ಆಗಲಿಲ್ಲ?”

“ಅದಕ್ಕ ಇಷ್ಟೊಂದ ಆಗಲಿಲ್ಲ,” ಎಂದರು ರಾಚಪ್ಪನವರು. ಆಕೆ ತಿರುಗಿ ಗಂಡನ ಮುಖ ನೋಡಿದಳು.

ಮುಂದೆ ಕೂತಿದ್ದ ಕಲ್ಮೇಶ ಎರಡೂ ಫೋನು ಜೇಬಿನಲ್ಲಿಟ್ಟಿದ್ದ. ಕೆಮ್ಮಿದ. “ಗುರುಗಳ... ಆ ಮೂರನೇ ಒಂದು. ಅದು ಹೆಂಗ ದೊಡ್ಡದಾತ್ರಿ?”

ರಾಚಪ್ಪನವರು ಸೆಟೆದು ಕೂತರು. “ನೋಡೋ, ಸರಳ ಐತಿ. ಒಂದು ಕಬ್ಬು ಐತಿ ಅಂತ ತಿಳಿ. ಅದನ್ನ ಮೂರು ಮಂದಿಗೆ ಹಂಚೂದು...”

“ಒಂದ ಕಬ್ಬ ಮೂರು ಮಂದಿಗೆ ಯಾಕ ಹಂಚೂದು, ಮಾಮಾ?” ಎಂದ ದುಂಡೇಶ ಸ್ಟಿಯರಿಂಗ್ ಹಿಡಿದೇ. “ಹೊಲಾ ತುಂಬ ಬಿದ್ದಾವ. ಒಬ್ಬೊಬ್ಬಗ ಒಂದೊಂದ ಸೂಡ ಕಟ್ಟಿ ಕೊಡೂಣು.”

“ನೀ ಸುಮ್ನಿರು ಮಾರಾಯಾ! ಮೂರು ಮಂದಿಗೆ ಹಂಚಿದ್ರ ದೊಡ್ಡ ತುಂಡ, ನಾಲ್ಕು ಮಂದಿಗೆ ಹಂಚಿದ್ರ ಸಣ್ಣ ತುಂಡ. ಅದಕ್ಕ ಮೂರನೇ ಒಂದು ದೊಡ್ಡದು. ತಿಳೀತೇನು?”

“ತಿಳೀತ್ರೀ ಗುರುಗಳ,” ಎಂದ ಕಲ್ಮೇಶ ತಕ್ಷಣ.

ಜೀಪು ಒಂದು ತಗ್ಗು ಹಾರಿತು. ಮೊಟ್ಟೆಗಳು ಗಡಗಡಿಸಿದವು.

“ಖರೆ ಹೇಳೋ ತಮ್ಮಾ,” ಎಂದಳು ಗಂಗಾಂಬಿಕಾ.

ಕಲ್ಮೇಶ ಕಿಟಕಿಯ ಕಡೆ ತಿರುಗಿ, ಕಾಲರು ಸರಿ ಮಾಡಿಕೊಂಡು, ತಲೆ ಕೆರೆದುಕೊಂಡ. “ಇಲ್ರಿ ಅಕ್ಕಾರ.”

ರಾಚಪ್ಪನವರ ಬಾಯಿ ತಾನಾಗಿಯೇ ತೆರೆಯಿತು. ಹೇಳಿದ್ದನ್ನೇ ಮತ್ತೆ ಹೇಳಲು ಗಂಟಲು ಸಜ್ಜಾಗಿತ್ತು. ಹಣೆಯ ಮೇಲೆ ಬೆವರೂ ಮೂಡಿತ್ತು. ಆದರೆ ಅವರು ಬಾಯಿ ಮುಚ್ಚಿದರು. ಹಾಗೆ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತಿರಲಿಲ್ಲ.

“ನಿನಗ ನಾಲ್ಕನೇ ಒಂದು ಯಾಕ ದೊಡ್ಡದ ಅನಸ್ತೈತಿ?” ಎಂದರು ಕೊನೆಗೆ. “ನೀ ಹೇಳು. ನಾ ಕೇಳ್ತೇನಿ.”

ಹಾಗೆ ಅವನನ್ನು ಯಾರೂ ಎಂದೂ ಕೇಳಿರಲಿಲ್ಲ. ಕಲ್ಮೇಶ ಸೀಟಿನಲ್ಲಿ ಪೂರ್ತಿ ತಿರುಗಿ ಕೂತು ಹೇಳತೊಡಗಿದ. ಮೇಲಿನ ಒಂದು ಅಂದರೆ ಕುಂತವನು, ಕೆಳಗಿನ ನಾಲ್ಕು ಅಂದರೆ ಅವನನ್ನು ಹೊತ್ತವರು, ಹೊರುವ ಮಂದಿ ಹೆಚ್ಚಾದಷ್ಟೂ ಮೇಲೆ ಕುಂತವನು ದೊಡ್ಡವನು, ನಮ್ಮ ವಾರ್ಡಿನಲ್ಲಿ ನೋಡುವುದಿಲ್ಲವೇ ಗುರುಗಳೇ, ಎಂದು ಅವನು ಎರಡೂ ಕೈ ಆಡಿಸುತ್ತ ವಿವರಿಸಿದ. ಇಷ್ಟು ಕಾಲ ಎದೆಯಲ್ಲಿಟ್ಟುಕೊಂಡದ್ದು ಒಂದೇ ಸವನೆ ಹೊರಬಂತು. ದುಂಡೇಶ ಜೀಪಿನ ವೇಗ ತಗ್ಗಿಸಿದ.

ರಾಚಪ್ಪನವರು ಮುಂದಕ್ಕೆ ಬಾಗಿ, ಕಿವಿಯ ಹಿಂದೆ ಕೈಯಿಟ್ಟು, ಪೂರ್ತಿ ಕೇಳಿದರು.

“ತಿಳೀತೇನ್ರಿ ಗುರುಗಳ?” ಎಂದ ಕಲ್ಮೇಶ.

“ಇಲ್ಲಪಾ,” ಎಂದರು ರಾಚಪ್ಪ ಮಾಸ್ತರರು. “ತಿಳೀಲಿಲ್ಲ. ಇನ್ನೊಮ್ಮೆ ಹೇಳು.”